ಕೊಳವೆಬಾವಿ ನೀರಿನ ಫ್ಲೋರೈಡ್: ಕುದಿಸಿದರೆ ಹೋಗುತ್ತದೆಯೇ, ಸೋಸಿದರೆ ಹೋಗುತ್ತದೆಯೇ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಹೊಲದಲ್ಲಿ 720 ಅಡಿ ಆಳದ ಕೊಳವೆಬಾವಿ ಇದೆ, ಮನೆಗೂ ಅದೇ ನೀರು. ನೋಡಲು ತಿಳಿಯಾಗಿದೆ, ಕುಡಿಯಲು ಸಿಹಿಯಾಗಿದೆ. ಎರಡನೆಯ ತರಗತಿಯ ಮಗನಿಗೆ ಹೊಸದಾಗಿ ಬಂದ ಮುಂದಿನ ಹಲ್ಲುಗಳಲ್ಲಿ ಬಿಳಿ ಪಟ್ಟೆ, ಒಂದೆರಡು ಕಡೆ ಕಂದು ಕಲೆ ಕಂಡ ಮೇಲೆ ನೀರಿನ ಪರೀಕ್ಷೆ ಮಾಡಿಸಿದೆವು. ಫ್ಲೋರೈಡ್ ಲೀಟರಿಗೆ 2.8 ಮಿ.ಗ್ರಾಂ, ಪಿಎಚ್ 8.3, ಟಿಡಿಎಸ್ 620 ಎಂದು ವರದಿ ಬಂದಿದೆ. ಅತ್ತೆಯವರು ಕುದಿಸಿ ಆರಿಸಿ ಕುಡಿಯಿರಿ ಎನ್ನುತ್ತಾರೆ. ಪಕ್ಕದ ಮನೆಯವರು ಪಟಿಕ ಹಾಕಿ ಎನ್ನುತ್ತಾರೆ. ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟರೆ ಸಾಕು ಎಂದವರೂ ಇದ್ದಾರೆ. ದಾವಣಗೆರೆಯ ಅಂಗಡಿಯಲ್ಲಿ ಆರ್‌ಒ ತೋರಿಸಿದರು. ಒಂಬತ್ತನೆಯ ತರಗತಿಯ ಮಗಳು ತನ್ನ ವಿಜ್ಞಾನ ಪುಸ್ತಕದಲ್ಲಿ ಮಿಶ್ರಣಗಳನ್ನು ಬೇರ್ಪಡಿಸುವ ವಿಧಾನಗಳನ್ನು ತೋರಿಸಿ, ‘ಇದರಲ್ಲಿ ನಮ್ಮ ನೀರಿಗೆ ಯಾವುದಮ್ಮಾ?’ ಎಂದು ಕೇಳುತ್ತಾಳೆ. ಫ್ಲೋರಿನ್ ವಿಷಾನಿಲ ಎಂದೂ ಅವಳೇ ಹೇಳಿದಳು. ಟೂತ್‌ಪೇಸ್ಟ್ ಡಬ್ಬಿಯ ಮೇಲೆ ಮಾತ್ರ ಫ್ಲೋರೈಡ್ ಹಲ್ಲಿಗೆ ಒಳ್ಳೆಯದು ಎಂದಿದೆ. ನಾವು ಯಾರ ಮಾತು ಕೇಳಬೇಕು? — ಒಬ್ಬ ತಾಯಿ

ಉತ್ತರ: ನಿಮ್ಮ ಮಗಳ ಮಾತು ಕೇಳಿ. ನಿಮಗೆ ಬಂದ ಸಲಹೆಗಳೆಲ್ಲ ‘ನೀರನ್ನು ಶುದ್ಧ ಮಾಡುವುದು ಹೇಗೆ’ ಎಂಬ ಪ್ರಶ್ನೆಗೆ ಉತ್ತರಗಳು. ನೀರಿನಲ್ಲಿರುವುದು ಮಣ್ಣೋ, ರೋಗಾಣುವೋ, ಕರಗಿದ ಲವಣವೋ ಎಂದು ಯಾರೂ ಕೇಳಿಲ್ಲ. ಅವಳು ಒಂದು ವಸ್ತುವನ್ನು ಹೆಸರಿಸಿ, ಅದನ್ನು ಬೇರ್ಪಡಿಸುವ ದಾರಿ ಯಾವುದು ಎಂದು ಕೇಳಿದ್ದಾಳೆ. ನೀರಿನ ಪರೀಕ್ಷೆಯ ಕೆಲಸದಲ್ಲಿರುವ ನಾವು ಕೂಡ ಶುರು ಮಾಡುವುದು ಅಲ್ಲಿಂದಲೇ.

ಮೊದಲು ನಿಮ್ಮ ಆತಂಕದ ಬಗ್ಗೆ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿ.ಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ನಿಮ್ಮದು ಅದರ ಹತ್ತಿರ ಹತ್ತಿರ ಎರಡರಷ್ಟು. ನಾಳೆಯೇ ಮೂಳೆ ಬಾಗಿಸುವ ಪ್ರಮಾಣ ಇದಲ್ಲ. ಮೂಳೆಗಳ ಫ್ಲೋರೋಸಿಸ್ (ಫ್ಲೋರೈಡ್ ಅತಿಯಾಗಿ ಬರುವ ಕಾಯಿಲೆ) ಸಾಮಾನ್ಯವಾಗಿ ಕಾಣಿಸುವುದು 3ರಿಂದ 6 ಮಿ.ಗ್ರಾಂ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ. ಆದರೆ ನಿಮ್ಮ ಸೀಮೆಯ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು ತಂಪು ನಾಡಿನವರಿಗಿಂತ ಹೆಚ್ಚು ನೀರು ಕುಡಿಯುತ್ತಾರೆ. ದೇಹ ಸೇರುವ ಪ್ರಮಾಣವೂ ಅಷ್ಟೇ ಹೆಚ್ಚುತ್ತದೆ. ಆದ್ದರಿಂದ ಮಕ್ಕಳ ಹಲ್ಲಿಗೂ ದೊಡ್ಡವರ ಮೂಳೆಗೂ ಈ ನೀರನ್ನು ಹೀಗೆಯೇ ಮುಂದುವರಿಸುವುದು ಸರಿಯಲ್ಲ. ಗಾಬರಿ ಬೇಡ, ಮುಂದಿನ ವರ್ಷ ನೋಡೋಣ ಎಂದು ತಳ್ಳಿಹಾಕುವುದೂ ಬೇಡ.

ಇನ್ನು ವಿಷಾನಿಲದ ಮಾತು. ನಿಮ್ಮ ಮಗಳು ಹೇಳಿದ್ದು ನಿಜ. ಫ್ಲೋರಿನ್ ತಿಳಿ ಹಳದಿ ಬಣ್ಣದ, ಮುಟ್ಟಿದ್ದನ್ನೆಲ್ಲ ತಿನ್ನುವ ಅನಿಲ. ಅದನ್ನು ಪ್ರತ್ಯೇಕಿಸಲು ಹೋಗಿ ಹಲವು ರಸಾಯನ ವಿಜ್ಞಾನಿಗಳು ಗಾಯಗೊಂಡರು, ಕೆಲವರು ಜೀವವನ್ನೇ ಕಳೆದುಕೊಂಡರು. ಕೊನೆಗೆ 1886ರಲ್ಲಿ ಫ್ರಾನ್ಸಿನ ಆಂರಿ ಮ್ವಾಸಾನ್ ಅದರಲ್ಲಿ ಯಶಸ್ವಿಯಾದರು. 1906ರ ನೊಬೆಲ್ ಅವರಿಗೆ ಬಂತು. ಆ ಅನಿಲ ನಿಮ್ಮ ಬಿಂದಿಗೆಯಲ್ಲಿ ಇಲ್ಲ. ಫ್ಲೋರಿನ್ ಪರಮಾಣುವಿನಲ್ಲಿ 9 ಪ್ರೋಟಾನು, 9 ಎಲೆಕ್ಟ್ರಾನು. ಹೊರಕವಚದಲ್ಲಿ 7 ಎಲೆಕ್ಟ್ರಾನುಗಳಿರುತ್ತವೆ, ಇನ್ನೊಂದು ಸಿಕ್ಕರೆ 8 ತುಂಬುತ್ತದೆ. ಆ ಒಂದಕ್ಕಾಗಿ ಅದು ಎದುರಿಗೆ ಸಿಕ್ಕಿದ ಬಹುತೇಕ ಯಾವ ಧಾತುವನ್ನಾದರೂ ಎಳೆಯುತ್ತದೆ. ಎಲೆಕ್ಟ್ರಾನನ್ನು ತನ್ನತ್ತ ಸೆಳೆಯುವ ಶಕ್ತಿಯಲ್ಲಿ ಇಡೀ ಆವರ್ತ ಕೋಷ್ಟಕದಲ್ಲಿ ಅದಕ್ಕೆ ಸಾಟಿಯಿಲ್ಲ. ಒಮ್ಮೆ ಆ ಎಲೆಕ್ಟ್ರಾನ್ ಸಿಕ್ಕಿತೆಂದರೆ ಪಕ್ಕದ ನಿಯಾನಿನಷ್ಟೇ, ಅಂದರೆ 10 ಎಲೆಕ್ಟ್ರಾನುಗಳಿರುವ, ಒಂದು ಋಣಾವೇಶ ಹೊತ್ತ ಅಯಾನು ಆಗಿಬಿಡುತ್ತದೆ. ಅದೇ ಫ್ಲೋರೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ನಿಮ್ಮ ನೀರಿನಲ್ಲಿರುವ ಪ್ರಮಾಣದಲ್ಲಿ ರುಚಿಯೂ ಇಲ್ಲ.

ಕೋಷ್ಟಕದ 17ನೆಯ ಗುಂಪನ್ನು ಮಗಳಿಗೆ ಮೇಲಿಂದ ಕೆಳಗೆ ಓದಲು ಹೇಳಿ: ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್. ಪಂಚಾಯಿತಿಯ ನೀರಗಂಟಿ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಇದೆ, ಅಡುಗೆಯ ಉಪ್ಪಿನಲ್ಲಿ ಕ್ಲೋರೈಡ್ ಇದೆ, ಅದೇ ಉಪ್ಪಿನ ಪೊಟ್ಟಣಕ್ಕೆ ಸೇರಿಸಿದ ಅಯೋಡಿನ್ ಇದೆ, ಈಗ ಕೊಳವೆಬಾವಿಯಿಂದ ಫ್ಲೋರೈಡ್ ಬಂದಿದೆ. ಹೊರಕವಚದಲ್ಲಿ 7 ಎಲೆಕ್ಟ್ರಾನುಗಳಿರುವ ಈ ಕುಟುಂಬದ ಮೂರು ಧಾತುಗಳು ನಿಮ್ಮ ಅಡುಗೆಮನೆಯಲ್ಲೇ ಇವೆ. ಒಂದು ರೋಗಾಣುಗಳನ್ನು ಕೊಲ್ಲುತ್ತದೆ, ಒಂದು ಕೊರತೆಯಾದರೆ ಗಳಗಂಡ ಬರುತ್ತದೆ, ಒಂದು ಹೆಚ್ಚಾದರೆ ಹಲ್ಲು ಕಲೆಗಟ್ಟುತ್ತದೆ. ಯಾವ ರೂಪದಲ್ಲಿ, ಎಷ್ಟು ಪ್ರಮಾಣದಲ್ಲಿ ಎಂದು ಕೇಳದೆ ಇವುಗಳನ್ನು ಒಳ್ಳೆಯದು, ಕೆಟ್ಟದ್ದು ಎಂದು ಹೇಳಲಾಗದು.

ಈ ಫ್ಲೋರೈಡ್ ನಿಮ್ಮ ನೀರಿಗೆ ಬಂದದ್ದಾದರೂ ಎಲ್ಲಿಂದ? ಗೊಬ್ಬರ, ಔಷಧಿ ಎಂದು ಬಹಳ ಜನ ಅನುಮಾನಪಡುತ್ತಾರೆ. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಸೀಮೆಯಲ್ಲಿ ಮುಖ್ಯ ಕಾರಣ ನೆಲದಡಿಯ ಬಂಡೆ. ಕೊಳವೆಬಾವಿ ಕೊರೆಯುವಾಗ ಲಾರಿಯ ಪಕ್ಕದಲ್ಲಿ ಬೂದು ಬಣ್ಣದ ಪುಡಿ ರಾಶಿ ಬೀಳುತ್ತದಲ್ಲ, ಅದನ್ನು ಅಂಗೈಯಲ್ಲಿ ತೆಗೆದುಕೊಂಡು ಬಿಸಿಲಿಗೆ ಹಿಡಿದರೆ ನಡುನಡುವೆ ಕಪ್ಪು ಹೊಳಪಿನ ತೆಳು ಚೂರುಗಳು ಮಿನುಗುತ್ತವೆ. ಅದು ಕಪ್ಪು ಅಭ್ರಕ, ಕಾಗೆಬಂಗಾರದ ಜಾತಿಯದು. ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿರುವ ಈ ಖನಿಜದ ಪದರಗಳಲ್ಲಿ ಹೈಡ್ರಾಕ್ಸಿಲ್ ಎಂಬ ಅಯಾನು ಕೂರಬೇಕಾದ ಕೆಲವು ಜಾಗಗಳಲ್ಲಿ ಫ್ಲೋರೈಡ್ ಕೂತಿರುತ್ತದೆ. ಒಂದು ಆಮ್ಲಜನಕ, ಒಂದು ಜಲಜನಕ ಸೇರಿದ ಹೈಡ್ರಾಕ್ಸಿಲ್‌ಗೂ ಫ್ಲೋರೈಡಿಗೂ ಗಾತ್ರ ಹೆಚ್ಚುಕಡಿಮೆ ಒಂದೇ, ಆವೇಶವೂ ಒಂದೇ. ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ.

ಇದೊಂದನ್ನು ಹಿಡಿದುಕೊಂಡರೆ ಇಡೀ ಕಥೆ ಅರ್ಥವಾಗುತ್ತದೆ. ನೂರಾರು ಅಡಿ ಆಳದಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಬಹಳ ಕಾಲ ನಿಂತು ಕ್ಷಾರೀಯವಾಗುತ್ತದೆ. ನಿಮ್ಮ ವರದಿಯ ಪಿಎಚ್ 8.3 ಹೇಳುತ್ತಿರುವುದು ಅದನ್ನೇ. ಕ್ಷಾರೀಯ ನೀರಿನ ಹೈಡ್ರಾಕ್ಸಿಲ್ ಅಭ್ರಕದೊಳಗೆ ಹೋಗಿ ಕೂರುತ್ತದೆ, ಅಲ್ಲಿದ್ದ ಫ್ಲೋರೈಡ್ ನೀರಿಗೆ ಬರುತ್ತದೆ. ಆ ನೀರನ್ನು ಮಗು ಕುಡಿದಾಗ ಇದೇ ಅದಲುಬದಲು ತಿರುಗುಮುರುಗಾಗಿ ನಡೆಯುತ್ತದೆ. ಹಲ್ಲು ಮತ್ತು ಮೂಳೆಯ ಖನಿಜದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸಿಲ್ ಇರುತ್ತವೆ. ಹೈಡ್ರಾಕ್ಸಿಲ್ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ. ಸ್ವಲ್ಪ ಕೂತರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಆಮ್ಲಕ್ಕೆ ಬೇಗ ಕರಗುವುದಿಲ್ಲ, ಹುಳುಕು ಕಡಿಮೆಯಾಗುತ್ತದೆ. ಟೂತ್‌ಪೇಸ್ಟಿನವರು ಹೇಳುವುದು ಇದನ್ನು, ಅದು ಸುಳ್ಳಲ್ಲ. ಆದರೆ ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ದಿನವೂ ಹೆಚ್ಚು ಫ್ಲೋರೈಡ್ ಹೊಟ್ಟೆ ಸೇರಿದರೆ ಎನಾಮಲ್ ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಒಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಬಿಳಿ ಪಟ್ಟೆಗಳಾಗಿ ಕಾಣುವುದು ಅವೇ. ಹಲ್ಲು ಹೊರಬಂದ ಮೇಲೆ ಅವು ಬಣ್ಣ ಹೀರಿ ಕಂದಾಗುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಆದ್ದರಿಂದ ಮಗನನ್ನು ಹಲ್ಲುಜ್ಜಿಲ್ಲ ಎಂದು ಗದರಿಸಬೇಡಿ.

ಮಗಳ ಹಲ್ಲುಗಳು ಬಹುತೇಕ ರೂಪುಗೊಂಡು ಮುಗಿದಿವೆ, ಅವಕ್ಕೆ ಹೊಸ ಪಟ್ಟೆ ಬರುವ ಭಯವಿಲ್ಲ. ಮಗನಿಗೆ ಮುಂದಿನ ಹಲ್ಲುಗಳು ಬಂದಿದ್ದರೂ ದವಡೆಯ ಕೆಲವು ಹಲ್ಲುಗಳು ಇನ್ನೂ ಒಳಗೇ ಬೆಳೆಯುತ್ತಿವೆ. ಎನಾಮಲ್ ಕೂಡುವ ಕೆಲಸ ಸುಮಾರು 8 ವರ್ಷದವರೆಗೂ ನಡೆಯುತ್ತದೆ. ನೀರು ಬದಲಿಸುವುದಾದರೆ ಈಗಲೇ ಬದಲಿಸಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

‘ನೀರು ಸಿಹಿಯಾಗಿದೆ’ ಎಂಬ ಮಾತಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಅತಿ ಹೆಚ್ಚು ಜನರನ್ನು ತಪ್ಪು ದಾರಿಗೆ ಎಳೆಯುವ ನಂಬಿಕೆ ಇದು. ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಸೇರಿದರೆ ಕ್ಯಾಲ್ಸಿಯಂ ಫ್ಲೋರೈಡ್ ಆಗುತ್ತದೆ, ಅದು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಫ್ಲೋರೈಡ್ ಒಂದು ಮಟ್ಟ ದಾಟಿದರೆ ಗಟ್ಟಿಯಾಗಿ ತಳ ಸೇರುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿರುವ ಮೆದು ನೀರಿನಲ್ಲಿ ಅದಕ್ಕೆ ಅಂಥ ತಡೆಯಿಲ್ಲ. ಬೇಳೆ ಬೇಗ ಬೇಯುವ, ಸೋಪು ಚೆನ್ನಾಗಿ ನೊರೆ ಬರುವ, ಊರೆಲ್ಲ ಹೊಗಳುವ ಬಾವಿಯಲ್ಲೇ ಫ್ಲೋರೈಡ್ ಹೆಚ್ಚಿರುವುದು ಅಪರೂಪವಲ್ಲ. ಟಿಡಿಎಸ್ ಮೀಟರ್ ಕೂಡ ಇದನ್ನು ಹೇಳಲಾರದು. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಕರಗಿರುವ ಲವಣಗಳೆಲ್ಲ ಸೇರಿ ಎಷ್ಟು ಎಂದು ಅಂದಾಜು ಕೊಡುತ್ತದೆ. 620ರಲ್ಲಿ 2.8 ಎಲ್ಲಿ ಅಡಗಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಮೀಟರ್ ಅದ್ದಿ ‘ನೀರು ಚೆನ್ನಾಗಿದೆ’ ಎಂದವರ ಮಾತನ್ನು ಫ್ಲೋರೈಡಿನ ಮಟ್ಟಿಗೆ ಬಿಟ್ಟುಬಿಡಿ.

ಈಗ ಮಗಳ ಪುಸ್ತಕಕ್ಕೆ ಬರೋಣ. ಸೋಸುವುದು, ಬಸಿಯುವುದು, ಕುದಿಸಿ ಆವಿಯಾಗಿಸುವುದು, ಬಟ್ಟಿ ಇಳಿಸುವುದು: ಇವುಗಳನ್ನು ಬೇರೆ ಬೇರೆಯಾಗಿ ಕಲಿಸುವುದಕ್ಕೆ ಕಾರಣವಿದೆ. ಕೆರೆಯ ಕೆಂಪು ನೀರಿನಲ್ಲಿ ಮಣ್ಣಿನ ಕಣಗಳು ತೇಲುತ್ತಿರುತ್ತವೆ, ಅದು ಅಸಮರೂಪ ಮಿಶ್ರಣ. ಬಟ್ಟೆಯಲ್ಲೋ ಕ್ಯಾಂಡಲ್ ಫಿಲ್ಟರಿನಲ್ಲೋ ಸೋಸಬಹುದು. ನಿಮ್ಮ ಕೊಳವೆಬಾವಿ ನೀರು ನಿಜವಾದ ದ್ರಾವಣ. ಫ್ಲೋರೈಡ್ ಅಯಾನಿನ ವ್ಯಾಸ ಒಂದು ಮೀಟರಿನ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗದ ಕಾಲಂಶದಷ್ಟು. ಒಂದು ಮೈಕ್ರಾನ್ ರಂಧ್ರದ ಫಿಲ್ಟರಿಗೆ ಹೋಲಿಸಿದರೆ ರಂಧ್ರವೇ ಅದಕ್ಕಿಂತ ಮೂರೂವರೆ ಸಾವಿರ ಪಟ್ಟು ದೊಡ್ಡದು. ಕೋಟೆಯ ಹೆಬ್ಬಾಗಿಲು ಇರುವೆಯನ್ನು ತಡೆಯಲಾರದು, ಕ್ಯಾಂಡಲ್ ಫಿಲ್ಟರ್ ಫ್ಲೋರೈಡನ್ನು ತಡೆಯಲಾರದು. ಇದ್ದಿಲಿನ ಫಿಲ್ಟರ್ ವಾಸನೆ, ಬಣ್ಣ ತೆಗೆಯುತ್ತದೆ. ಯುವಿ ದೀಪ ರೋಗಾಣುಗಳನ್ನು ಕೊಲ್ಲುತ್ತದೆ. ತಾಮ್ರದ ಬಿಂದಿಗೆಯೂ ಸ್ವಲ್ಪ ಮಟ್ಟಿಗೆ ಅದೇ ಕೆಲಸ ಮಾಡುತ್ತದೆ. ಅವುಗಳ ಮೇಲೆ ನನಗೆ ತಕರಾರಿಲ್ಲ. ಫ್ಲೋರೈಡ್ ತೆಗೆಯುವುದು ಅವುಗಳ ಕೈಲಾಗದ ಕೆಲಸ.

ಅತ್ತೆಯವರ ಸಲಹೆ ರೋಗಾಣುಗಳ ವಿಷಯದಲ್ಲಿ ಪೂರ್ತಿ ಸರಿ. ಫ್ಲೋರೈಡಿನ ವಿಷಯದಲ್ಲಿ ಅದು ವಿರುದ್ಧ ಫಲ ಕೊಡುತ್ತದೆ. 10 ಲೀಟರ್ ನೀರಿನಲ್ಲಿ 28 ಮಿ.ಗ್ರಾಂ ಫ್ಲೋರೈಡ್ ಇದೆ. ಕುದಿಸಿ 8 ಲೀಟರಿಗೆ ಇಳಿಸಿದರೆ ಹೋದದ್ದು ನೀರಿನ ಆವಿ, ಉಳಿದ 8 ಲೀಟರಿನಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಲೆಕ್ಕ ಹಾಕಿ: ಲೀಟರಿಗೆ 3.5 ಮಿ.ಗ್ರಾಂ. ಅವರಿಗೆ ಇದನ್ನು ಬಾಯಿಮಾತಿನಲ್ಲಿ ಹೇಳುವ ಬದಲು ಒಂದು ಸ್ಟೀಲ್ ತಟ್ಟೆಯಲ್ಲಿ ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಪೂರ್ತಿ ಬತ್ತಿಸಿ ತೋರಿಸಿ. ತಟ್ಟೆಯ ಮೇಲೆ ಬಿಳಿ ಪೊರೆ ಉಳಿಯುತ್ತದೆ. ಕರಗಿದ್ದ ಲವಣ ಆವಿಯ ಜೊತೆ ಹೋಗುವುದಿಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ.

ಆ ಆವಿಯನ್ನೇ ತಂಪು ಮಾಡಿ ಹಿಡಿದರೆ ಬಟ್ಟಿ ಇಳಿಸಿದ ನೀರು, ಅದರಲ್ಲಿ ಫ್ಲೋರೈಡ್ ಇರುವುದಿಲ್ಲ. ಪುಸ್ತಕದ ವಿಧಾನಗಳಲ್ಲಿ ನಿಮ್ಮ ನೀರಿಗೆ ಹೊಂದುವುದು ಇದೊಂದೇ. ಆದರೆ ಒಂದು ಅಡುಗೆ ಅನಿಲದ ಸಿಲಿಂಡರ್ ಹೆಚ್ಚೆಂದರೆ 150 ಲೀಟರ್ ಬಟ್ಟಿ ಇಳಿಸುವಷ್ಟರಲ್ಲಿ ಖಾಲಿಯಾಗುತ್ತದೆ. ಸಂಸಾರಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬೇಕೆಂದರೂ ವಾರಕ್ಕೊಂದು ಸಿಲಿಂಡರ್. ಯಾರಿಗೂ ಸಾಧ್ಯವಿಲ್ಲ.

ಪಟಿಕದ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಹೆಚ್ಚು ಅಪಾಯ. 1970ರ ದಶಕದಲ್ಲಿ ನಾಗಪುರದ ‘ನೀರಿ’ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಬಳಸಿಯೇ ಫ್ಲೋರೈಡ್ ತೆಗೆಯುತ್ತಾರೆ. ಪಟಿಕದ ಅಲ್ಯುಮಿನಿಯಂ ಹತ್ತಿಯಂಥ ಗರಣೆಯಾಗಿ ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಆದರೆ ಕೆರೆ ನೀರು ತಿಳಿಯಾಗಿಸಲು ಪಟಿಕದ ತುಂಡನ್ನು ನಾಲ್ಕು ಸುತ್ತು ತಿರುವುವಷ್ಟು ಇದಕ್ಕೆ ಸಾಲದು, ಅದರ ಹಲವು ಪಟ್ಟು ಬೇಕು. ಎಷ್ಟು ಎನ್ನುವುದು ನೀರಿನ ಕ್ಷಾರೀಯತೆ ಮತ್ತು ಫ್ಲೋರೈಡ್ ಎರಡನ್ನೂ ಅಳೆದ ಮೇಲೆ ನಿರ್ಧಾರವಾಗುತ್ತದೆ. ಕೈಅಂದಾಜಿನಲ್ಲಿ ಹಾಕಿದರೆ ಫ್ಲೋರೈಡೂ ಉಳಿಯುತ್ತದೆ, ಮೇಲೆ ಅಲ್ಯುಮಿನಿಯಂ ಮತ್ತು ಸಲ್ಫೇಟ್ ಕೂಡ ಸೇರಿಕೊಳ್ಳುತ್ತವೆ. ತರಬೇತಿ ಪಡೆದವರು ನೋಡಿಕೊಳ್ಳುವ ಘಟಕದಲ್ಲಿ ಇದು ಒಳ್ಳೆಯ ವಿಧಾನ. ಮನೆಯಲ್ಲಿ ಪ್ರಯತ್ನಿಸಬೇಡಿ.

ಇನ್ನೊಂದು ದಾರಿ ಸಕ್ರಿಯ ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡಿನ ಕಾಳು, ತುಂಬಿದ ಫಿಲ್ಟರ್. ಮೇಲೆ ಹೇಳಿದ ಅದಲುಬದಲನ್ನು ಇಲ್ಲಿ ನಮ್ಮ ಅನುಕೂಲಕ್ಕೆ ಬಳಸಿಕೊಳ್ಳುತ್ತೇವೆ: ಅಲ್ಯುಮಿನಾ ಕಾಳಿನ ಮೈಮೇಲಿನ ಹೈಡ್ರಾಕ್ಸಿಲ್ ಬಿಟ್ಟುಕೊಟ್ಟ ಜಾಗದಲ್ಲಿ ನೀರಿನ ಫ್ಲೋರೈಡ್ ಕೂರುತ್ತದೆ. ವಿದ್ಯುತ್ ಬೇಡ, ನೀರೂ ಪೋಲಾಗುವುದಿಲ್ಲ. ತೊಂದರೆಗಳು ಎರಡು. ನಿಮ್ಮದರಂಥ ಕ್ಷಾರೀಯ ನೀರಿನಲ್ಲಿ ಅದರ ಸಾಮರ್ಥ್ಯ ಕುಗ್ಗುತ್ತದೆ. ಕಾಳಿನ ಜಾಗಗಳೆಲ್ಲ ತುಂಬಿದ ಮೇಲೂ ನೀರು ಮೊದಲಿನಂತೆಯೇ ತಿಳಿಯಾಗಿ ಬರುತ್ತಿರುತ್ತದೆ, ಫ್ಲೋರೈಡ್ ಹಾಗೇ ಇಳಿದು ಬರುತ್ತಿರುವುದು ಯಾರಿಗೂ ತಿಳಿಯುವುದಿಲ್ಲ. ಕಾಸ್ಟಿಕ್ ಸೋಡಾದಿಂದ ತೊಳೆದು, ಆಮ್ಲದಿಂದ ಹದಕ್ಕೆ ತಂದು ಅದನ್ನು ಮತ್ತೆ ಬಳಸಬಹುದು. ಅದು ಪ್ರಯೋಗಾಲಯದ ಕೆಲಸ. ಆಗಾಗ ನೀರು ಪರೀಕ್ಷಿಸಿ, ಕಾಳು ಬದಲಿಸಿಕೊಡುವವರು ಹತ್ತಿರದಲ್ಲಿ ಇದ್ದರೆ ಮಾತ್ರ ತೆಗೆದುಕೊಳ್ಳಿ.

ಆರ್‌ಒ ಕೆಲಸ ಮಾಡುತ್ತದೆ. ಒತ್ತಡ ಹಾಕಿದಾಗ ಅದರ ಪೊರೆ ನೀರಿನ ಅಣುವನ್ನು ಬಿಟ್ಟು, ಸುತ್ತ ನೀರಿನ ಅಣುಗಳು ಮುತ್ತಿಕೊಂಡ ಆವೇಶಯುಕ್ತ ಅಯಾನನ್ನು ತಡೆಯುತ್ತದೆ. ಪೊರೆ ಸುಸ್ಥಿತಿಯಲ್ಲಿದ್ದರೆ ಫ್ಲೋರೈಡಿನ ಬಹುಪಾಲು ಹೋಗುತ್ತದೆ. ಖನಿಜಗಳೆಲ್ಲ ಹೋಗುತ್ತವೆ ಎಂಬ ಚಿಂತೆಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ನಿಮ್ಮ ಮನೆಯ ರಾಗಿ ಮುದ್ದೆ, ಹಾಲು, ಮೊಸರು ಕೊಡುವ ಕ್ಯಾಲ್ಸಿಯಂ ನೀರು ಕೊಡುವುದಕ್ಕಿಂತ ಎಷ್ಟೋ ಹೆಚ್ಚು. ನನ್ನ ಚಿಂತೆ ಹೊರಗೆ ಹೋಗುವ ನೀರಿನದು. 3 ಲೀಟರ್ ಒಳಗೆ ಹೋಗಿ 1 ಲೀಟರ್ ಕುಡಿಯುವ ನೀರು ಬಂದರೆ ಉಳಿದ 2 ಲೀಟರಿನಲ್ಲಿ ಫ್ಲೋರೈಡ್ 4 ಮಿ.ಗ್ರಾಂ ದಾಟುತ್ತದೆ. ಅದನ್ನು ದನದ ಬಾನಿಗೆ ಬಿಡಬೇಡಿ, ಜಾನುವಾರುಗಳಿಗೂ ಫ್ಲೋರೋಸಿಸ್ ಬರುತ್ತದೆ. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಊರಿನಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಮನೆಗೊಂದು ಆರ್‌ಒ ಕೊಳ್ಳುವ ಮುನ್ನ ಆ ನೀರನ್ನು ಪರೀಕ್ಷೆ ಮಾಡಿಸಿ. ಪೊರೆ ಬದಲಿಸದೆ ಬಿಟ್ಟ ಘಟಕದ ನೀರು ಬಾವಿ ನೀರಿಗಿಂತ ಹೆಚ್ಚು ಭಿನ್ನವಾಗಿರುವುದಿಲ್ಲ.

ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಮಳೆ ನೀರನ್ನು. ಬಟ್ಟಿ ಇಳಿಸಲು ನಿಮಗೆ ಸಿಲಿಂಡರ್ ಸಾಲದು, ಬಿಸಿಲು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತದೆ. ಲವಣಗಳು ಕೆಳಗೇ ಉಳಿದು ಆವಿಯೊಂದೇ ಮೇಲೇರಿ ಮಳೆಯಾಗುತ್ತದೆ. 1000 ಚದರಡಿ ಆರ್‌ಸಿಸಿ ಮಾಳಿಗೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಮೊದಲ ಹರಿವನ್ನು ಹೊರಬಿಟ್ಟು 700 ಲೀಟರಿನಷ್ಟಾದರೂ ಹಿಡಿಯಬಹುದು. ಜಗಳೂರಿನಲ್ಲಿ ಮಳೆ ಕಡಿಮೆ ಎಂದು ಕೈಬಿಡಬೇಡಿ, ನಿಮಗೆ ಬೇಕಿರುವುದು ಕುಡಿಯಲು ಮತ್ತು ಅಡುಗೆಗೆ ಮಾತ್ರ. ಬೆಳಕು ಬೀಳದ, ಸೊಳ್ಳೆ ಹೋಗದ ಮುಚ್ಚಿದ ತೊಟ್ಟಿ ಇರಲಿ, ಕುಡಿಯುವ ಮುನ್ನ ಕುದಿಸಿ. ಅತ್ತೆಯವರ ಸಲಹೆ ಈ ನೀರಿಗೆ ಸರಿಯಾಗಿ ಹೊಂದುತ್ತದೆ.

ಬೇಸಿಗೆಯಲ್ಲಿ ಮಳೆ ನೀರು ಕಡಿಮೆಯಾದಾಗ ಬೆರೆಸಿ. ಒಂದು ಬಿಂದಿಗೆ ಬಾವಿ ನೀರಿಗೆ ಎರಡು ಬಿಂದಿಗೆ ಮಳೆ ನೀರು ಬೆರೆಸಿದರೆ ಫ್ಲೋರೈಡ್ 0.93ಕ್ಕೆ ಇಳಿಯುತ್ತದೆ. ಒಂದಕ್ಕೊಂದು ಬೆರೆಸಿದರೆ 1.4, ಅದು ದೊಡ್ಡವರಿಗೆ ತಾತ್ಕಾಲಿಕವಾಗಿ ನಡೆದೀತು, ಮಗನಿಗೆ ಬೇಡ. ಹೊಳೆ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ತುಂಗಭದ್ರಾ ಅಥವಾ ಭದ್ರಾ ನೀರಿನ ನಲ್ಲಿ ನಿಮ್ಮ ಊರಿಗೆ ಬಂದಿದ್ದರೆ ಅಥವಾ ಬರುವುದಿದ್ದರೆ ಕುಡಿಯಲು ಅದನ್ನೇ ಬಳಸಿ. ಸ್ನಾನಕ್ಕೆ, ಬಟ್ಟೆಗೆ, ಹೊಲಕ್ಕೆ ಕೊಳವೆಬಾವಿ ನೀರು ಇರಲಿ. ಚರ್ಮದ ಮೂಲಕ ಫ್ಲೋರೈಡ್ ಒಳಗೆ ಹೋಗುವ ಭಯವಿಲ್ಲ.

ಟೂತ್‌ಪೇಸ್ಟಿನ ಲೆಕ್ಕ ಹೀಗೆ: ಸಾಮಾನ್ಯ ಫ್ಲೋರೈಡ್ ಪೇಸ್ಟಿನ 1 ಗ್ರಾಂನಲ್ಲಿ ಸುಮಾರು 1 ಮಿ.ಗ್ರಾಂ ಫ್ಲೋರೈಡ್ ಇರುತ್ತದೆ. ಉಗುಳಿದರೆ ಚಿಂತೆಯಿಲ್ಲ. ಮಕ್ಕಳು ನುಂಗುತ್ತಾರೆ, ಆದ್ದರಿಂದ ನೀರು ಬದಲಾಗುವವರೆಗೆ ಮಗನಿಗೆ ಫ್ಲೋರೈಡ್ ಇಲ್ಲದ ಪೇಸ್ಟ್ ಕೊಡಿ. ಚಹಾ ಎಲೆಯಲ್ಲೂ ಫ್ಲೋರೈಡ್ ಸಹಜವಾಗಿಯೇ ಇರುತ್ತದೆ, ಮಕ್ಕಳಿಗೆ ಕಡಕ್ ಚಹಾ ಅಭ್ಯಾಸ ಮಾಡಿಸಬೇಡಿ. ಮನೆಯ ಹಿರಿಯರಿಗೆ ಬೆನ್ನು, ಕೀಲು ಬಿಗಿತ ಇದ್ದರೆ ಎಲ್ಲವನ್ನೂ ನೀರಿನ ಮೇಲೆ ಹಾಕದೆ ವೈದ್ಯರಿಗೆ ತೋರಿಸಿ, ವರದಿಯ ಪ್ರತಿಯನ್ನೂ ಒಯ್ಯಿರಿ.

ಕೊನೆಯದಾಗಿ, ಒಂದೇ ವರದಿಯ ಮೇಲೆ ಹಣ ಹಾಕಬೇಡಿ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಿಸುವ ಕಿಟ್ ಇದ್ದರೆ ಮಗಳನ್ನೂ ಕರೆದುಕೊಂಡು ಹೋಗಿ. ಜಿರ್ಕೋನಿಯಂ ಮತ್ತು ಅಲಿಝರಿನ್ ಸೇರಿದ ಕೆಂಪು ಛಾಯೆಯ ದ್ರವವನ್ನು ನೀರಿಗೆ ಹಾಕುತ್ತಾರೆ. ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ಬಣ್ಣದಿಂದ ಕಿತ್ತು ತನ್ನ ಜೊತೆ ಕಟ್ಟಿಕೊಳ್ಳುತ್ತದೆ. ಕೆಂಪು ಮಾಸಿ, ಫ್ಲೋರೈಡ್ ಹೆಚ್ಚಿದಷ್ಟೂ ಹಳದಿಗೆ ತಿರುಗುತ್ತದೆ. ಬಣ್ಣದ ಪಟ್ಟಿಯ ಪಕ್ಕದಲ್ಲಿಟ್ಟು ಅಂದಾಜು ಓದಬಹುದು. ನಿಖರ ಸಂಖ್ಯೆಗೆ ಜಿಲ್ಲಾ ಪ್ರಯೋಗಾಲಯಕ್ಕೆ ಒಮ್ಮೆ ಬೇಸಿಗೆಯ ಕೊನೆಯಲ್ಲಿ, ಒಮ್ಮೆ ಮಳೆಗಾಲದ ನಂತರ ಒಂದೊಂದು ಲೀಟರ್ ಕಳಿಸಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಾಡಿಸಿ, ಪಂಪ್ ಹತ್ತು ನಿಮಿಷ ಓಡಿದ ಮೇಲೆ ತುಂಬಿಸಿ, ಮೇಲೆ ದಿನಾಂಕ ಮತ್ತು ಬಾವಿಯ ಆಳ ಬರೆದು ಕೊಡಿ.